ಹಪ್ಪಳದ ಮೈಯ ಗಾಡಿ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಬೀದಿಯಲ್ಲಿ ಗ್ಯಾರೇಜಿನೊಳಗೆ ಕಾರು ನಿಲ್ಲಿಸುವ ಭಾರತೀಯರನ್ನು ನಾನು ಇನ್ನೂ ನೋಡಿಲ್ಲ. ಗ್ಯಾರೇಜು ಇರುವುದು ಸೋನಾ ಮಸೂರಿ ಮೂಟೆಗೆ, ಊರಿಂದ ಅತ್ತೆ ಬಂದಾಗ ಬೇಕಾಗುವ ಮಂಚಕ್ಕೆ, ಒಂದೇ ಒಂದು ವಾರ ಓಡಿದ ಟ್ರೆಡ್‌ಮಿಲ್‌ಗೆ. ಕಾರು ಹೊರಗೆ ಬಿಸಿಲಲ್ಲಿ ಒಣಗುತ್ತದೆ. ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜನ ಗ್ಯಾರೇಜಿನಲ್ಲಿ ಮಾತ್ರ ಕಾರಿತ್ತು. ಅಂದರೆ, ಕಾರಿನಂತೆ ಕಾಣುವ ಒಂದು ವಸ್ತು ಇತ್ತು.

ಅದನ್ನು ಮೊದಲ ಸಲ ನೋಡಿದಾಗ ನನಗೆ ಯಾರದೋ ಹಳೆಯ ಸಂಸಾರದ ಕಾರು ಅನ್ನಿಸಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಕಿತ್ತಾಡುವ, ಡಿಕ್ಕಿಯಲ್ಲಿ ಬುತ್ತಿ ಇಡುವ ಬಗೆಯದು. ಬಾಗಿಲು ತೆಗೆಯಲು ಹೋದರೆ ಹಿಡಿಕೆಯೇ ಇಲ್ಲ. ಹೆಡ್‌ಲೈಟು ಮುಟ್ಟಿದರೆ ಗಾಜಲ್ಲ, ಬರೀ ಬಣ್ಣ. ಅಜ್ಜ ನಕ್ಕು ಮುಂದಿನ ಬಂಪರಿಗೆ ಕೈ ಹಾಕಿ ಎತ್ತಿದ. ಇಡೀ ಕಾರಿನ ಮೈ ಹಿಂದಿನ ಕೀಲಿನ ಮೇಲೆ ಮೇಲಕ್ಕೆದ್ದಿತು. ಕೆಳಗೆ ಒಂದಷ್ಟು ಪೈಪು, ಒಂದು ದೊಡ್ಡ ಎಂಜಿನ್ನು, ಅದರ ಬೆನ್ನ ಹಿಂದೆ ಒಬ್ಬನೇ ಒಬ್ಬ ಮುದುಡಿ ಕೂರುವಷ್ಟು ಸೀಟು. ಅವನು ಒಂದು ಕೋಲು ಸಿಕ್ಕಿಸಿ ಮೈಯನ್ನು ಹಾಗೇ ನಿಲ್ಲಿಸಿ, ತನ್ನ ಸೊಸೆಯನ್ನು ಪರಿಚಯಿಸುವ ಅತ್ತೆಯಂತೆ ಪಕ್ಕಕ್ಕೆ ಸರಿದ.

"ಇದಕ್ಕ ಫನ್ನಿ ಕಾರ್ ಅಂತಾರ" ಎಂದ.

ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಬೇಲಿಯ ಮೇಲಿಂದ ಇಷ್ಟು ವರ್ಷ ಕೇಳಿ ಕೇಳಿ ಅಜ್ಜನ ಇಂಗ್ಲಿಷು ನನ್ನ ಕಿವಿಯೊಳಗೆ ಧಾರವಾಡದ್ದೇ ಆಗಿಬಿಟ್ಟಿದೆ. ಹಾಗಾಗಿ ಇಲ್ಲಿಯೂ ಅದು ಹಾಗೆಯೇ ಬರುತ್ತದೆ. ನಗು ಬರುವ ಕಾರು ಎಂದು ಅವರೇ ಹೆಸರಿಟ್ಟ ಮೇಲೆ ನಗದೆ ಇರುವುದು ಮರ್ಯಾದೆಯಲ್ಲ ಎಂದು ನಾನು ಮನಸಾರೆ ನಕ್ಕೆ.

ನನ್ನ ಗಂಡ ನಗಲಿಲ್ಲ. ಉಡುಪಿ ಕಡೆಯವರು. ಮನೆಯಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷು, ನನ್ನ ಹತ್ತಿರ ಹೆಚ್ಚಾಗಿ ಮೌನ. ಆ ದಿನ ಅವರು ಗ್ಯಾರೇಜಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಆ ಪೈಪುಗಳನ್ನು ನೋಡುತ್ತ "ಎಂತ ಚಂದ ಉಂಟು ಮಾರಾಯ್ತಿ" ಎಂದರು. ನಮ್ಮ ಮದುವೆಯ ದಿನ ಅವರ ಬಾಯಲ್ಲಿ ಈ ಮಾತು ಬಂದಿರಲಿಲ್ಲ. ಅಂದಿನಿಂದ ನಮ್ಮ ಭಾನುವಾರಗಳು ಅಜ್ಜನ ಗ್ಯಾರೇಜಿನ ಪಾಲಾದವು. ಗಂಡ ಸ್ಪ್ಯಾನರು ಹಿಡಿದು ಒಳಗೆ, ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ.

ಚಹಾದ ಜೊತೆ ಇತಿಹಾಸ ಬಿಟ್ಟಿ ಸಿಗುತ್ತಿತ್ತು. ಡ್ರ್ಯಾಗ್ ರೇಸ್ ಎಂದರೆ ಕಾಲು ಮೈಲಿಯ ನೆಟ್ಟನೆ ದಾರಿ, ಅಕ್ಕಪಕ್ಕ ಎರಡು ಗಾಡಿ, ದೀಪ ಹಸಿರಾದ ಕೂಡಲೇ ಓಟ. ಕಣ್ಣು ಮಿಟುಕಿಸಿದರೆ ಮುಗಿದಿರುತ್ತದೆ. ಇದಕ್ಕಾಗಿ ಗಂಡಸರು ತಿಂಗಳುಗಟ್ಟಲೆ ಎಣ್ಣೆಯಲ್ಲಿ ಹೊರಳುತ್ತಾರೆ. ಅರವತ್ತರ ದಶಕದ ನಡುವೆ ಅಮೆರಿಕದಲ್ಲಿ ಕೆಲವರಿಗೆ ಒಂದು ಚಿಂತೆ ಹತ್ತಿತಂತೆ. ಎಂಜಿನ್ನಿನ ಭಾರವೆಲ್ಲ ಮುಂದೆ, ದೂಡುವ ಚಕ್ರ ಹಿಂದೆ, ಹಾಗಾಗಿ ಹೊರಡುವಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಭಾರವನ್ನು ಹಿಂದಕ್ಕೆ ತರುವುದು ಹೇಗೆ? ಅವರು ಕಾರಿನ ತಳ ಕೊಯ್ದು ನಾಲ್ಕೂ ಚಕ್ರಗಳನ್ನೇ ಮುಂದಕ್ಕೆ ಸರಿಸಿಬಿಟ್ಟರು. ಕಾರಿನ ಹಿಂಭಾಗವೆಲ್ಲ ಚಕ್ರದಾಚೆ ಜೋತುಬಿತ್ತು. ಅಜ್ಜ ಅಂಥದರ ಹಳೆಯ ಫೋಟೋ ತೋರಿಸಿದ. ಕೂರಲೋ ಬೇಡವೋ ಎಂದು ಅನುಮಾನಿಸುತ್ತಿರುವ ಎಮ್ಮೆಯಂತಿತ್ತು. ನೋಡಿದ ಜನ ಕಾರು ತಮಾಷೆಯಾಗಿದೆ ಅಂದರು, ಅದೇ ಹೆಸರು ನಿಂತಿತು.

ನಿಜವಾದ ಪೇಚಾಟ ಬಂದದ್ದು ಪಂದ್ಯ ನಡೆಸುವವರಿಗೆ. ಅಂಗಡಿಯಿಂದ ತಂದ ಕಾರುಗಳಿಗೆ ಒಂದು ಪಂಕ್ತಿ, ಉದ್ದ ಕಡ್ಡಿಯಂಥ ರೇಸಿನ ಗಾಡಿಗಳಿಗೆ ಇನ್ನೊಂದು ಪಂಕ್ತಿ. ಇದನ್ನು ಎಲ್ಲಿ ಕೂರಿಸುವುದು? ಕಾರಿನವರು ಇದು ಕಾರಲ್ಲ ಎಂದರು, ಆ ಕಡೆಯವರು ಇದು ನಮ್ಮದಲ್ಲ ಎಂದರು. ಇದನ್ನು ಕೇಳಿ ನನಗೆ ಮೊದಲ ಸಲ ಆ ಗಾಡಿಯ ಮೇಲೆ ಮಮತೆ ಹುಟ್ಟಿತು. ಧಾರವಾಡದ ರೊಟ್ಟಿ ತಿಂದು ಬೆಳೆದು ಉಡುಪಿಯ ಮನೆ ಸೇರಿದವಳು ನಾನು. ಸಿಡ್ನಿಯ ಕನ್ನಡ ಕೂಟಗಳಲ್ಲಿ ನಮ್ಮ ಕಡೆಯ ಹೆಂಗಸರು ನನ್ನನ್ನು ಕಂಡರೆ "ನಿಮ್ಮ ಮಂದಿ ಅಲ್ಲೆ ಕೂತಾರ ನೋಡ್ರಿ" ಎಂದು ಉಡುಪಿಯವರ ಮೇಜು ತೋರಿಸುತ್ತಾರೆ. ಅಲ್ಲಿಗೆ ಹೋದರೆ ಅವರು ಬಾಯ್ತುಂಬ ನಕ್ಕು, ಕುರ್ಚಿ ಸರಿಸಿ ಕೊಟ್ಟು, ತುಳುವಿನಲ್ಲಿ ಮಾತು ಮುಂದುವರಿಸುತ್ತಾರೆ. ಗಾಡಿಗಾದರೂ ಕೊನೆಗೆ ಅದರದೇ ಪಂಕ್ತಿ ಸಿಕ್ಕಿತಂತೆ.

ಆಮೇಲೆ ಇನ್ನೂ ಒಬ್ಬ ಬುದ್ಧಿವಂತನಿಗೆ ಹೊಳೆಯಿತು, ಇಷ್ಟೆಲ್ಲ ಕೊಯ್ದ ಮೇಲೆ ಕಬ್ಬಿಣದ ಕಾರಾದರೂ ಏಕೆ ಬೇಕು ಎಂದು. ಪೈಪಿನ ಚೌಕಟ್ಟು ಮಾಡಿ, ಮೇಲೆ ಫೈಬರ್‌ಗ್ಲಾಸಿನ ತೆಳು ಸೋಗು ಹೊದಿಸಿದರೆ ಸಾಕು. ಸಿಡ್ನಿಯ ಹುಡುಗರು ಅಮೆರಿಕದ ಪತ್ರಿಕೆಗಳ ಚಿತ್ರ ನೋಡಿಕೊಂಡು ತಾವೂ ಶುರುಮಾಡಿದರು. ನಮ್ಮ ಅಜ್ಜ ಆಗ ಹೊಸದಾಗಿ ಮದುವೆಯಾದ ತರುಣ. ಅಚ್ಚು ತೆಗೆಯಲು ಒಂದು ಕಾರು ಬೇಕಲ್ಲ, ತನ್ನ ಅಪ್ಪನ ಸಂಸಾರದ ಹೊಸ ಕಾರಿನ ಮೇಲೆಯೇ ರಾಳ ಬಳಿದ. ಅಚ್ಚು ಎಬ್ಬಿಸಿದಾಗ ಅದರ ಜೊತೆ ಅಪ್ಪನ ಕಾರಿನ ಬಣ್ಣವೂ ಎದ್ದು ಬಂತು.

"ಅಪ್ಪ ಏನಂದಾ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಕ್ರಿಸ್‌ಮಸ್ ತನಕಾ ಏನೂ ಅನ್ನಲಿಲ್ಲ" ಎಂದ ಅಜ್ಜ.

ಅಷ್ಟೆಲ್ಲ ಮಾಡಿದ ಆ ಗಾಡಿ ಒಮ್ಮೆಯೂ ಕಾಲು ಮೈಲಿ ಓಡಿರಲಿಲ್ಲ. ಇದನ್ನು ಅವನು ಬಹಳ ದಿನ ಹೇಳಿರಲಿಲ್ಲ, ಒಂದು ಸಂಜೆ ಲೋಟ ಹಿಂದಿರುಗಿಸುತ್ತ ಹೇಳಿದ. ಓಟಕ್ಕೆ ಮೊದಲು ಟೈರು ಬಿಸಿಯಾಗಲೆಂದು ನಿಂತಲ್ಲೇ ಹೊಗೆಯೆಬ್ಬಿಸಿ ಸ್ವಲ್ಪ ಮುಂದೆ ಹೋಗುತ್ತಾರೆ, ಬರ್ನೌಟ್ ಎನ್ನುತ್ತಾರೆ. ಬಳಿಕ ಓಟ ಹೊರಡುವ ಗೆರೆಗೆ ಹಿಮ್ಮುಖವಾಗಿ ಬರಬೇಕು. ಚಾಲಕನಿಗೆ ಹಿಂದೆ ಏನೂ ಕಾಣುವುದಿಲ್ಲ, ಮುಂದೆ ನಿಂತವರೊಬ್ಬರು ಕೈಸನ್ನೆ ಮಾಡಿ, ಹೋದ ದಾರಿಯಲ್ಲೇ ವಾಪಸು ತರಬೇಕು. ಆ ಕಾಲದಲ್ಲಿ ಈ ಕೆಲಸಕ್ಕೆ ಕೆಲವರು ಚೆಂದದ ಹುಡುಗಿಯರನ್ನು ಆದಷ್ಟು ಕಡಿಮೆ ಬಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಅಜ್ಜನಿಗೆ ನಿಂತವಳು ಅವನ ಹೆಂಡತಿ, ಮೈತುಂಬ ಕಾರ್ಡಿಗನ್ ಹಾಕಿಕೊಂಡು. ಅವಳು ಗೆರೆಗೆ ತಂದು ನಿಲ್ಲಿಸಿದಳು, ಎಂಜಿನ್ನು ಅಲ್ಲೇ ಒಡೆಯಿತು. ಮುಂದಿನ ವರ್ಷ ಸರಿಮಾಡೋಣ ಅಂದರು. ಮಕ್ಕಳಾದವು, ಮಾರ್ಟ್‌ಗೇಜ್ ಬಂತು, ಗಾಡಿ ಟಾರ್ಪಾಲಿನ ಕೆಳಗೆ ಹೋಯಿತು. ಈಗ ಹೆಂಡತಿಯೂ ಹೋಗಿದ್ದಳು.

"ಒಮ್ಮೆ ಆ ತುದಿ ಮುಟ್ಟಬೇಕವಾ. ಒಂದ ಸಲ" ಎಂದ.

ನಾನು ವೆಸ್ಟ್‌ಮೀಡಿನ ಆಸ್ಪತ್ರೆಯೊಂದರಲ್ಲಿ ಹೃದಯದ ವಾರ್ಡಿನ ನರ್ಸ್. ಅಜ್ಜನ ಎದೆಯೊಳಗೆ ಸ್ಟೆಂಟ್ ಇರುವುದು ನನಗೆ ಗೊತ್ತು. ಅವನು ಮಾತ್ರೆ ನುಂಗುವುದನ್ನು ಮರೆಯುತ್ತಾನೆ ಎಂಬುದೂ ಗೊತ್ತು. ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ, ಉಪ್ಪು ಬೇಡ, ಸಿಟ್ಟು ಬೇಡ ಎಂದು ದಿನವಿಡೀ ಜನರಿಗೆ ಹೇಳುವುದೇ ನನ್ನ ಉದ್ಯೋಗ. ಹಾಗಾಗಿ ಅಜ್ಜನಿಗೂ ಬೇಡ ಎಂದೆ. ಅವನು ತಲೆಯಾಡಿಸಿದ. ನನ್ನ ಗಂಡ ನನ್ನ ಮಾತಿಗೆ ತಲೆಯಾಡಿಸುವ ರೀತಿಯೇ ಅದು, ಅರ್ಥ ನನಗೆ ಚೆನ್ನಾಗಿ ತಿಳಿದಿತ್ತು.

ಮೆಲ್ಬೋರ್ನಿನ ಹೊರಗೆ ಹಳೆಯ ಗಾಡಿಗಳ ಮೇಳವೊಂದು ನಡೆಯುವುದಿತ್ತು. ಅಜ್ಜ ಅರ್ಜಿ ಹಾಕಿದ. ಮೇಳದವರು ಅವನ ವಯಸ್ಸು ನೋಡಿ, ವೈದ್ಯರ ಪತ್ರ ನೋಡಿ, ಬರ್ನೌಟ್ ಮಾಡಿ ಗೆರೆಗೆ ವಾಪಸು ಬಂದು ಎಂಜಿನ್ ಆರಿಸಬೇಕು, ಓಟ ಇಲ್ಲ ಎಂದರು. ಅಜ್ಜ ಅಲ್ಲಿಯೂ ತಲೆಯಾಡಿಸಿದ. ನಾನು ನೆಮ್ಮದಿಯ ಉಸಿರು ಬಿಟ್ಟೆ. ಆಗ ಅವನು, ಹಿಂದಕ್ಕೆ ತರುವ ಕೆಲಸ ನೀನೇ ಮಾಡಬೇಕು ಎಂದ. ಯಾಕೆ ಎಂದರೆ, ನನ್ನ ಗಂಡ ಡ್ರೈವ್‌ವೇಯಿಂದ ಕಾರು ಹಿಂದಕ್ಕೆ ತೆಗೆಯುವಾಗ ನಾನು ಬೀದಿಯಲ್ಲಿ ನಿಂತು ಕೈ ಬೀಸುವುದನ್ನು ಅವನು ಅಡುಗೆಮನೆ ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದನಂತೆ.

"ನೀ ಒಮ್ಮೆನೂ ತಪ್ಪಿಲ್ಲ. ಅಂವಾ ಒಮ್ಮೆನೂ ಕೇಳಿಲ್ಲ. ನಾ ಕೇಳ್ತೀನಿ" ಎಂದ.

ಮೆಲ್ಬೋರ್ನಿನ ಪಶ್ಚಿಮದ ಹೊಸ ಸಬರ್ಬ್ ಒಂದರಲ್ಲಿ ನನ್ನ ತಂಗಿಯ ಮನೆಯಿದೆ. ನಾವು ಮೂವರೂ ಗಾಡಿಯನ್ನು ಟ್ರೈಲರಿನಲ್ಲಿ ಹೇರಿಕೊಂಡು, ದಾರಿಯುದ್ದಕ್ಕೂ ಚಪಾತಿ, ಶೇಂಗಾ ಚಟ್ನಿ ತಿನ್ನುತ್ತ ಅಲ್ಲಿಗೆ ಹೋದೆವು. ತಂಗಿಯ ಗಂಡ ಬೆಂಗಳೂರಿನವರು. ಅವರಿಗೆ ಗೊತ್ತಿಲ್ಲದ ವಿಷಯ ಇನ್ನೂ ಸೃಷ್ಟಿಯಾಗಿಲ್ಲ. ಮನೆಯ ಬಾಗಿಲು ಆನೆ ಬರುವಷ್ಟು ದೊಡ್ಡದು, ಒಳಗೆ ಬಿಳಿ ಸೋಫಾ, ಅದರ ಮೇಲೆ ಇನ್ನೂ ತೆಗೆಯದ ಪ್ಲಾಸ್ಟಿಕ್ಕು. ಈ ಸೋಗಿಗೆ ಯಾರೂ ಫನ್ನಿ ಹೌಸ್ ಎಂದು ಹೆಸರಿಟ್ಟಿಲ್ಲ, ಅದೊಂದೇ ವ್ಯತ್ಯಾಸ.

ಟ್ರೈಲರು ನಿಲ್ಲುವ ಮೊದಲೇ ಅಲ್ಲಿ ಜಾತ್ರೆ ನೆರೆದಿತ್ತು. ತಂಗಿಯ ಗಂಡ ವಾಟ್ಸ್ಆ್ಯಪಿನಲ್ಲಿ ಇಡೀ ಬಡಾವಣೆಯ ಕನ್ನಡಿಗರನ್ನು ಕರೆದಿದ್ದರು. ಅಂಕಲ್‌ಗಳು ಕೈಕಟ್ಟಿ ನಿಂತರು, ಆಂಟಿಯರು ಅಜ್ಜನಿಗೆ ಮಂಡಕ್ಕಿ ಒಗ್ಗರಣೆ ಕೊಟ್ಟು ಖಾರ ಆಯಿತಾ ಎಂದು ಕೇಳುತ್ತ ಇನ್ನಷ್ಟು ಬಡಿಸಿದರು. ತಂಗಿಯ ಗಂಡ ಭಾಷಣಕ್ಕೆ ನಿಂತರು.

"ಬೇಸಿಕಲಿ ಇದು ಅಮೆರಿಕನ್ ಕಾನ್ಸೆಪ್ಟು. ವೀಲ್‌ಬೇಸ್ ಆಲ್ಟರ್ ಮಾಡಿ ವೆಯ್ಟ್ ಟ್ರಾನ್ಸ್‌ಫರ್ ಮಾಡ್ತಾರೆ. ಆಸ್ಟ್ರೇಲಿಯಾದಲ್ಲಿ ಇದು ತುಂಬ ಲೇಟಾಗಿ ಬಂತು, ಕ್ವಾಲಿಟಿನೂ ಅಷ್ಟಕ್ಕಷ್ಟೆ."

ಹಿಂದಿನ ದಿನ ಯಾವುದೋ ವಿಡಿಯೋ ನೋಡಿದ್ದು ಸ್ಪಷ್ಟವಾಗಿತ್ತು. ಅಂಕಲ್‌ಗಳು ಹೌದೌದು ಎಂದರು. ಆ ಕ್ವಾಲಿಟಿಯನ್ನು ಕೈಯಾರೆ ಮಾಡಿದ ಅಜ್ಜ ಮಂಡಕ್ಕಿ ಜಗಿಯುತ್ತ ಅಷ್ಟೇ ಗಮನವಿಟ್ಟು ಕೇಳಿದ.

ಅಷ್ಟರಲ್ಲಿ ಮೋಡ ಕವಿಯಿತು. ಗಾಡಿಯನ್ನು ಟ್ರೈಲರಿನಿಂದ ಇಳಿಸಿ ತಂಗಿಯ ಗ್ಯಾರೇಜಿಗೆ ಹಿಮ್ಮುಖವಾಗಿ ದೂಡುವುದೆಂದಾಯಿತು. ಅಜ್ಜ ಒಳಗೆ ಸ್ಟೀರಿಂಗ್ ಹಿಡಿದ, ನನ್ನ ಗಂಡನೂ ಅಂಕಲ್‌ಗಳೂ ಮುಂದಿನಿಂದ ದೂಡಿದರು. ಸನ್ನೆ ಮಾಡಲು ನಾನು ಮುಂದೆ ಬಂದರೆ ತಂಗಿಯ ಗಂಡ "ಅಕ್ಕ, ನೀವು ಸೈಡಿಗೆ ಬನ್ನಿ, ನಾನು ನೋಡ್ಕೊತೀನಿ" ಎಂದು ನನ್ನನ್ನು ಹೂಕುಂಡದ ಪಕ್ಕ ನಿಲ್ಲಿಸಿದರು. ತಾವು ಗಾಡಿಯ ಹಿಂದಿನ ಮೂಲೆಗೆ ಹೋದರು. ಅಲ್ಲಿ ಅವರೊಳಗಿನ ಸಿಟಿ ಬಸ್ಸಿನ ಕಂಡಕ್ಟರು ಎಚ್ಚರವಾದ.

"ಬರ್ಲಿ, ಬರ್ಲಿ, ಬರ್ಲಿ, ರೈಟ್ ಬರ್ಲಿ... ಹೋಲ್ಡಾನ್!"

ಹೋಲ್ಡಾನ್ ಎನ್ನುತ್ತ ಅಂಗೈ ಅಗಲಿಸಿ ಗಾಡಿಯ ಮೈಗೆ ಒಂದು ಏಟು ಹೊಡೆದರು. ನಮ್ಮೂರ ಬಸ್ಸುಗಳ ತಗಡು ಅಂಥ ಲಕ್ಷ ಏಟು ತಿಂದು ಗಟ್ಟಿಯಾಗಿರುತ್ತದೆ. ಇದು ಫೈಬರ್‌ಗ್ಲಾಸು. ಕರಿದ ಹಪ್ಪಳ ಮುರಿದಂತೆ ಸದ್ದಾಯಿತು. ಹಿಂದಿನ ಚಕ್ರದ ಮೇಲಿನಿಂದ ಪಕ್ಕದ ತೆರೆದ ಕಿಟಕಿಯವರೆಗೆ ಒಂದು ಬಿರುಕು ನಿಧಾನವಾಗಿ ಹೋಗಿ ನಿಂತಿತು.

ಅಂಕಲ್‌ಗಳು ತಮ್ಮ ತಮ್ಮ ಕೈಗಳನ್ನು ಜೇಬಿಗೆ ಹಾಕಿಕೊಂಡರು. ನನ್ನ ಗಂಡನ ಮುಖ ನೋಡಲಾಗಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ ಮಾಡಿದ್ರೀ! ಮುದುಕ ಜೀವಾ ಹಾಕಿ ಮಾಡ್ಯಾನ್ರೀ ಅದನ್ನ. ಬಸ್ ಏನದು ಬಡಿಲಿಕ್ಕೆ?" ಎಂದೆ, ಎಲ್ಲರ ಎದುರಿಗೇ.

"ಅಕ್ಕ, ಇಷ್ಟು ವೀಕ್ ಇರುತ್ತೆ ಅಂತ ಯಾರಿಗ್ಗೊತ್ತು? ಐ ಮೀನ್, ಕಾರಲ್ವಾ ಅದು?" ಎಂದರು ಅವರು.

ಅಜ್ಜ ಗಾಡಿಯಿಂದ ಹೊರಬಂದು ಬಿರುಕಿನ ಮೇಲೆ ಬೆರಳಾಡಿಸಿದ. ಯಾಕೆ ಹೊಡೆದೆ ಎಂದು ಕೇಳಿದ, ಸಿಟ್ಟಿಲ್ಲದೆ, ತಿಳಿದುಕೊಳ್ಳುವವನಂತೆ. ತಂಗಿಯ ಗಂಡ ತೊದಲಿದರು. ನಮ್ಮ ಊರಲ್ಲಿ ಬಸ್ಸಿಗೆ ಹೀಗೆ ಹೇಳುತ್ತಾರೆ, ಡ್ರೈವರಿಗೆ ಹಿಂದೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ, ಹಾಗಾಗಿ ಮೈಗೆ ಬಡಿಯುತ್ತಾರೆ, ಒಂದು ಏಟು ಅಂದರೆ ನಿಲ್ಲು, ಎರಡು ಅಂದರೆ ಹೋಗು ಎಂದು ವಿವರಿಸಿದರು. ಆ ಸಂಜೆ ಅವರ ಬಾಯಿಂದ ಬಂದ ಸತ್ಯವಾದ ಮಾತು ಅದೊಂದೇ.

"ಒಂದು ನಿಲ್ಲು, ಎರಡು ಹೋಗು. ಚಲೋ ಐತಿ. ಗಾಡಿಗೆ ಯಾರೂ ಹೇಳಿರಲಿಲ್ಲ ನೋಡು" ಎಂದ ಅಜ್ಜ.

ಮರುದಿನ ತಪಾಸಣೆ ಮಾಡುವವರು ಬಿರುಕು ಬಿಟ್ಟ ಮೈಯನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ನನ್ನ ಗಂಡ ಓಡಿಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ರಾಳವನ್ನೂ ಫೈಬರಿನ ಬಟ್ಟೆಯನ್ನೂ ತಂದರು. ಅಜ್ಜನೂ ಅವರೂ ಒಳಮೈಯಿಂದ ಪಟ್ಟಿಯ ಮೇಲೆ ಪಟ್ಟಿ ಅಂಟಿಸಿದರು. ಮಳೆಯ ತಂಪಿಗೆ ಅದು ಒಣಗಲೊಲ್ಲದು. ತಂಗಿ ತನ್ನ ಹೇರ್ ಡ್ರೈಯರ್ ತಂದು ಗಂಡನ ಕೈಗೆ ಕೊಟ್ಟು, "ಹಿಡಕೊಂಡು ನಿಲ್ರಿ, ಒಣಗೋತನಕಾ" ಎಂದಳು. ಅವರು ನಿಂತರು. ರಾಳದ ನಾತ ಬಿಳಿ ಸೋಫಾದವರೆಗೆ ಹೋಯಿತು. ಬಿರುಕಿನ ಜಾಗದಲ್ಲಿ ಹೊರಗೆ ಬಣ್ಣ ಹೊಂದಲಿಲ್ಲ. ಹಾಗೇ ಇರಲಿ ಎಂದ ಅಜ್ಜ.

ಮೇಳದಲ್ಲಿ ಗಾಡಿ ತಪಾಸಣೆ ದಾಟಿತು. ಮೇಳದ ಅಧಿಕಾರಿಯೊಬ್ಬ ಬಂದು ಬರ್ನೌಟ್, ವಾಪಸ್, ಎಂಜಿನ್ ಬಂದ್ ಎಂದು ಅಜ್ಜನಿಗೆ ಹೇಳಿದ. ಆಮೇಲೆ ನನಗೂ ಹೇಳಿದ. ಗೆರೆಗೆ ಬಂದ ಕೂಡಲೇ ನಾನು ಕುತ್ತಿಗೆಯ ಮುಂದೆ ಕೈ ಆಡಿಸಬೇಕು, ಅದು ಎಂಜಿನ್ ಆರಿಸುವ ಸನ್ನೆ. ಅಜ್ಜ ಹೆಲ್ಮೆಟ್ಟಿನೊಳಗೆ ತಲೆಯಾಡಿಸಿದ. ನನ್ನ ಗಂಡ ಮೈಯನ್ನು ಇಳಿಸಿ ಕೊಂಡಿ ಹಾಕಿದರು. ಸಂಸಾರದ ಕಾರು ಮತ್ತೆ ಸಂಸಾರದ ಕಾರಾಯಿತು.

ಎಂಜಿನ್ ಶುರುವಾದಾಗ ಆ ಸದ್ದು ಕಿವಿಗೆ ಬರಲಿಲ್ಲ, ಎದೆಗೇ ಬಂತು. ಹೊಗೆ ಎದ್ದಿತು, ಗಾಡಿ ಹಿಂಭಾಗ ಅಲುಗಾಡಿಸುತ್ತ ನನ್ನನ್ನು ದಾಟಿ ಮುಂದೆ ಹೋಗಿ ನಿಂತಿತು. ನಾನು ಓಡಿ ಅದರ ಮುಂದೆ ನಿಂತೆ. ಕೈಸನ್ನೆ ಮಾತ್ರ ಸಾಕು, ಕೂಗಿ ಪ್ರಯೋಜನವಿಲ್ಲ ಎಂದು ಹೇಳಿಕೊಟ್ಟಿದ್ದರು. ಆದರೂ ನಾನು ಗಂಟಲು ಹರಿಯುವಂತೆ "ಬರ್ಲಿ, ಬರ್ಲಿ, ಬಲಕ್ಕ ಬರ್ಲಿ" ಎಂದು ಕೂಗುತ್ತಲೇ ಕೈ ಬೀಸಿದೆ. ಅಜ್ಜ ನನ್ನ ಕೈ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ತಾನೇ ಬಿಟ್ಟ ಕಪ್ಪು ಗುರುತಿನ ಮೇಲೆ ಹಿಂದೆ ಹಿಂದೆ ಬಂದ. ಮದುವೆಯಾದಾಗಿನಿಂದ ನನ್ನ ಮಾತನ್ನು ಯಾವ ಗಂಡಸೂ ಇಷ್ಟು ಚಾಚೂ ತಪ್ಪದೆ ಕೇಳಿರಲಿಲ್ಲ.

ಗೆರೆಗೆ ಬಂದು ನಿಂತ. ನಾನು ಪಕ್ಕಕ್ಕೆ ಸರಿದು ಕಿಟಕಿಯ ಹತ್ತಿರ ಹೋದೆ. ಕುತ್ತಿಗೆಯವರೆಗೆ ಕೈ ಎತ್ತಿದ್ದೆ. ಒಳಗಿನಿಂದ ಹೆಲ್ಮೆಟ್ಟಿನ ಸಂದಿಯಲ್ಲಿ ಅವನ ಕಣ್ಣು ಕಂಡವು. ಅವನು ಮುಂದಿನ ದಾರಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನಾನು ಏನು ಹೇಳಿದರೆ ಅದು ಎಂಬಂತೆ ನೋಡುತ್ತಿದ್ದ. ಅವನು ನನ್ನನ್ನು ಕೇಳದೆ ಹೊರಟುಬಿಟ್ಟಿದ್ದರೆ ಎಷ್ಟು ಸುಲಭವಿತ್ತು. ಮುದುಕನಿಗೆ ಬುದ್ಧಿಯಿಲ್ಲ ಎಂದು ಬೈದುಕೊಂಡು ತಂಗಿಯ ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

ನನಗೆ ಭಯವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಸ್ಟೆಂಟು, ಮಾತ್ರೆ, ವಾರ್ಡಿನಲ್ಲಿ ನಾನು ಕಂಡ ಮುಖಗಳು, ಎಲ್ಲ ಒಟ್ಟಿಗೆ ಬಂದವು. ಎಷ್ಟು ಜನರಿಗೆ ನಿಲ್ಲಿ ಎಂದಿದ್ದೇನೆ. ನಿಂತವರು ಏನು ಮಾಡಿದರು? ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಮುಂದಿನ ದಾರಿ ಖಾಲಿ ಇದೆಯೇ ಎಂದು ನೋಡಿದೆ, ಪಕ್ಕದ ಲೇನೂ ನೋಡಿದೆ. ಕಂಡಕ್ಟರ್ ಆದವನು ಅಷ್ಟಾದರೂ ನೋಡುತ್ತಾನೆ. ಆಮೇಲೆ ಕುತ್ತಿಗೆಯಿಂದ ಕೈ ಇಳಿಸಿ, ಬಣ್ಣ ಹೊಂದದ ಆ ಪಟ್ಟಿಯ ಮೇಲೆ ಅಂಗೈ ಅಗಲಿಸಿ ಹೊಡೆದೆ. ಮತ್ತೆ ಹೊಡೆದೆ.

ಅವನು ಹೋದ. ಅಧಿಕಾರಿ ಕೈ ಬೀಸುತ್ತ ಓಡಿ ಬರುವಷ್ಟರಲ್ಲಿ ಗಾಡಿ ಸಣ್ಣದಾಗಿತ್ತು. ದೂರದಲ್ಲಿ, ವೇಗ ತಡೆಯಲು ಗಾಡಿಯ ಹಿಂದೆ ಕಟ್ಟಿದ ಪ್ಯಾರಾಶೂಟ್ ಅರಳಿತು. ನನ್ನ ಗಂಡ "ಎಂತ ಮಾಡಿದೆ ಮಾರಾಯ್ತಿ, ಎಂತ ಮಾಡಿದೆ" ಎನ್ನುತ್ತ ಅಳುತ್ತಿದ್ದರು, ಸಂತೋಷಕ್ಕೋ ಭಯಕ್ಕೋ ಅವರಿಗೇ ಗೊತ್ತಿರಲಿಲ್ಲ. ಅಧಿಕಾರಿ ನನಗೆ ಬೈದ, ಇನ್ನು ಮುಂದೆ ಆ ಅಜ್ಜನಿಗೂ ಅವನ ಕಡೆಯವರಿಗೂ ಇಲ್ಲಿ ಜಾಗವಿಲ್ಲ ಎಂದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ತಂಗಿಯ ಗಂಡ ಮಾತ್ರ ಅಷ್ಟರಲ್ಲಿ ವಿಡಿಯೋ ಹಾಕಿಯಾಗಿತ್ತು, ಕೆಳಗೆ ನಮ್ಮ ಟೀಮ್ ಎಂದು ಬರೆದು.

ಓಟ ಮುಗಿಸಿದ ಗಾಡಿಯನ್ನು ಎಳೆದು ತರುವ ವಾಹನ ಹತ್ತಿ ನಾನು ಆ ತುದಿಗೆ ಹೋದೆ. ಮೈ ಎತ್ತಿ ಕೋಲು ಸಿಕ್ಕಿಸಿದ್ದರು. ಅಜ್ಜ ಇನ್ನೂ ಸೀಟಿನಲ್ಲೇ ಇದ್ದ, ಹೆಲ್ಮೆಟ್ ತೆಗೆದಿದ್ದ, ಬೆವರಿನಲ್ಲಿ ಕೂದಲು ಅಂಟಿತ್ತು. ಅವನ ಕೈಗವಸು ಎಳೆದು ಹಾಕಿ ನಾಡಿ ಹಿಡಿದೆ. ಜೋರಾಗಿತ್ತು, ಆದರೆ ಎಲ್ಲೂ ತಪ್ಪುತ್ತಿರಲಿಲ್ಲ. ಬಹಳ ಹೊತ್ತು ಹಿಡಿದುಕೊಂಡೇ ಇದ್ದೆ.

"ಒಂದು ಹೊಡ್ಯಾಕ ಹೋಗಿ ಕೈತಪ್ಪಿ ಎರಡು ಬಿತ್ತೇನು?" ಎಂದ.

"ಇಲ್ಲಜ್ಜಾ. ಎಣಿಸೇ ಹೊಡದೀನಿ" ಎಂದೆ.